ಘಟ್ಟ ಹತ್ತುವ ಮೊದಲು

ಮಧ್ಯಾಹ್ನ ಒಂದೂವರೆಗೆ ಕುಮಟಾ ಬಿಟ್ಟರೆ, ಶಿರಸಿ ದಾರಿಯ ದೇವಿಮನೆ ಘಟ್ಟದ ತಿರುವುಗಳಲ್ಲಿ ಆಪರೇಷನ್ ಆದ ಮಗುವಿಗೆ ನೋವು ಶುರುವಾಗುತ್ತದೆ. ಇದನ್ನು ನನಗೆ ಯಾವ ಪಾಠದ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟವರು ಶಿರಸಿ ಕಡೆಯ ಒಬ್ಬ ತಾಯಿ.

ಅವರ ಮಗನಿಗೆ ಮೂರು ವರ್ಷ. ಹರ್ನಿಯಾ ಆಪರೇಷನ್ ಆಗಿತ್ತು. ಒಂದು ವಾರ ಬಿಟ್ಟು ಗಾಯ ತೋರಿಸಲು ಬಂದಾಗ ಅವರು ನನ್ನ ಕೈ ಹಿಡಿದು ಕೇಳಿದರು. "ಸಿಸ್ಟರ್, ನೀವು ಕಳಿಸುವಾಗ ನಗ್ತಾ ಇದ್ದ. ನಿಮಗೆ ಟಾಟಾ ಮಾಡಿದ. ಘಟ್ಟ ಅರ್ಧ ಹತ್ತುವಷ್ಟರಲ್ಲಿ ಯಾಕೆ ಹಾಗೆ ಕಿರುಚಿದ? ಹೊಲಿಗೆ ಬಿಚ್ಚಿಹೋಯ್ತು ಅಂತಲೇ ಅಂದುಕೊಂಡೆ. ಬಸ್ಸಲ್ಲಿ ಎಲ್ಲರೂ ನನ್ನನ್ನೇ ನೋಡ್ತಾ ಇದ್ರು."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬೆಳಿಗ್ಗೆ ಒಂಬತ್ತೂವರೆಗೆ ಥಿಯೇಟರಿಗೆ ಹೋಗಿದ್ದ. ಮಗು ಪೂರ್ತಿ ನಿದ್ದೆ ಹೋದ ಮೇಲೆ ಬೆನ್ನಿನ ಕೆಳಗೆ, ಬಾಲಮೂಳೆಯ ಹತ್ತಿರ ಒಂದು ಇಂಜೆಕ್ಷನ್ ಕೊಡುತ್ತಾರೆ. ಕಾಡಲ್ ಬ್ಲಾಕ್ ಅಂತ ಹೆಸರು. ಸೊಂಟದಿಂದ ಕೆಳಗೆ ನೋವೇ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಅದರ ಕೆಲಸ. ಅಂದರೆ ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ ಒಳಗೆ ಅದು ಇಳಿಯುತ್ತದೆ. ಆ ಹೊತ್ತಿಗೆ ತಾಯಿ ಮಗು ಎಲ್ಲಿರುತ್ತಾರೆ? ಬಸ್ಸಿನಲ್ಲಿ. ಘಟ್ಟದ ನಡುವೆ. ಕೈಯಲ್ಲಿ ಸಿರಪ್ ಇದೆ, ಆದರೆ ಅದು ಬ್ಯಾಗಿನ ತಳದಲ್ಲಿದೆ. "ನೋವು ಬಂದರೆ ಕೊಡಿ" ಅಂತ ನಾವು ಹೇಳಿದ್ದೆವು. ನೋವು ಬಂದ ಮೇಲೆ ಕೊಟ್ಟ ಸಿರಪ್ ಹತ್ತಲು ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆ ಅಷ್ಟೂ ತಿರುವು, ಅಷ್ಟೂ ಕುಲುಕಾಟ.

ಅವತ್ತಿನಿಂದ ನಾನು "ನೋವು ಬಂದರೆ" ಅನ್ನುವ ಮಾತು ಬಿಟ್ಟಿದ್ದೇನೆ. ಮೊದಲ ಎರಡು ದಿನ ನೋವಿನ ಔಷಧ ಗಡಿಯಾರ ನೋಡಿ ಕೊಡುವುದು. ಮಗುವಿನ ಮುಖ ನೋಡಿ ಅಲ್ಲ. ಹೊರಡುವ ಮೊದಲು ಒಂದು ಡೋಸ್ ನಮ್ಮ ಎದುರಿಗೇ ಹೊಟ್ಟೆಗೆ ಹೋಗಬೇಕು. ಅದಕ್ಕೂ ಮೊದಲು ಥಿಯೇಟರಿನ ಹಾಳೆ ತೆಗೆದು, ಅಲ್ಲಿ ಪ್ಯಾರಾಸಿಟಮಾಲ್ ಕೊಟ್ಟಿದ್ದಾರಾ, ಎಷ್ಟು ಗಂಟೆಗೆ ಕೊಟ್ಟಿದ್ದಾರೆ ಅಂತ ನೋಡಬೇಕು. ಇಲ್ಲದಿದ್ದರೆ ಅದರ ಮೇಲೆ ಇದು ಬಿದ್ದು ಡಬಲ್ ಆಗುತ್ತದೆ.

ನಾನು ನರ್ಸ್ ಆಗಿ ಇಪ್ಪತ್ತೆರಡು ವರ್ಷ ಆಯಿತು. ಅದರಲ್ಲಿ ಹದಿನಾಲ್ಕು ವರ್ಷ ನಮ್ಮ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಮಕ್ಕಳ ಆಪರೇಷನ್ ನೋಡಿಕೊಳ್ಳುವ ಕೆಲಸ. ಸರ್ಜನ್ ಹೊರಗಿನಿಂದ ಬರುತ್ತಾರೆ, ಮುಗಿಸಿ ಹೋಗುತ್ತಾರೆ. ಹರ್ನಿಯಾ ಅಂದರೆ ಅವರಿಗೆ ಅರ್ಧ ಗಂಟೆಯ ಕೆಲಸ. ಮಗು ಬೆಳಿಗ್ಗೆ ಬಂದು ಸಂಜೆ ಒಳಗೆ ಮನೆಗೆ ಹೋಗುತ್ತದೆ. ಆಮೇಲಿನ ಹತ್ತು ಹದಿನೈದು ದಿನದ ಆರೈಕೆ ಯಾರದ್ದು? ತಾಯಿಯದ್ದು. ಅಜ್ಜಿಯದ್ದು. ಎಷ್ಟೋ ಸಲ ಶಾಲೆ ಬಿಟ್ಟು ಮನೆಯಲ್ಲಿ ಕೂತ ಅಕ್ಕನದ್ದು. ಹಾಗಾಗಿ ನರ್ಸಿಂಗ್‌ನ ಗುಣಮಟ್ಟ ಅಂತ ನಾವು ಫೈಲಿನಲ್ಲಿ ಬರೆದಿಟ್ಟದ್ದರಲ್ಲಿ ಮುಕ್ಕಾಲು ಪಾಲು ಆಸ್ಪತ್ರೆಯ ಬಾಗಿಲಿನಾಚೆ ನಡೆಯುವಂಥದ್ದು. ನಮ್ಮ ಕೆಲಸ ಅದನ್ನು ಅವರ ಕೈಗೆ ಸರಿಯಾಗಿ ದಾಟಿಸುವುದು. ದಾಟಿಸುವುದರಲ್ಲಿ ತಪ್ಪಿದರೆ ವಾರ್ಡಿನಲ್ಲಿ ಎಷ್ಟು ಚೆನ್ನಾಗಿ ನೋಡಿಕೊಂಡರೂ ಅದು ಅರ್ಧ ಕೆಲಸವೇ.

ಹರ್ನಿಯಾ ಅಂದರೆ ಏನು ಅಂತ ಮೊದಲು ಹೇಳಬೇಕು. ಯಾಕೆಂದರೆ ನಮ್ಮ ಕಡೆ ಹೆಚ್ಚಿನವರು ತಾವೇ ಏನೋ ತಪ್ಪು ಮಾಡಿದೆವು ಅಂದುಕೊಂಡು ಬರುತ್ತಾರೆ. ಮಗು ಜಾಸ್ತಿ ಅತ್ತಿತು, ಎತ್ತಿಕೊಳ್ಳಲಿಲ್ಲ, ಅದಕ್ಕೇ ತೊಡೆಸಂದಿನಲ್ಲಿ ಗಂಟು ಬಂತು ಅಂತ. ಬಾಣಂತಿಯನ್ನು ಅತ್ತೆ ಬೈದದ್ದೂ ಇದೆ. ಹಾಗಲ್ಲ. ಗಂಡು ಮಗು ಹೊಟ್ಟೆಯಲ್ಲಿರುವಾಗ ಬೀಜಗಳು ಇರುವುದು ಹೊಟ್ಟೆಯ ಒಳಗೆ. ಏಳನೇ ತಿಂಗಳ ಹೊತ್ತಿಗೆ ಅವು ಕೆಳಗೆ ಇಳಿಯುತ್ತವೆ. ಇಳಿಯುವ ದಾರಿಯಲ್ಲಿ ಹೊಟ್ಟೆಯ ಒಳಪದರವೇ ಒಂದು ಸಣ್ಣ ಕೊಳವೆಯಾಗಿ ಜೊತೆಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಆ ಕೊಳವೆ ಮುಚ್ಚಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಮುಚ್ಚಿಕೊಳ್ಳುವುದಿಲ್ಲ. ತೋಟದ ಅಪ್ಪಂದಿರಿಗೆ ನಾನು ಹೀಗೆ ಹೇಳುತ್ತೇನೆ: ಕಾಲುವೆಯ ಬಾಯಿಗೆ ಮಣ್ಣು ಹಾಕದೆ ಬಿಟ್ಟರೆ ಮಳೆ ಬಂದಾಗ ನೀರು ನುಗ್ಗುತ್ತದಲ್ಲ, ಹಾಗೆ. ಮಗು ಅತ್ತಾಗ, ಮುಕ್ಕಿದಾಗ ಕರುಳಿನ ತುಂಡು ಅದರಲ್ಲಿ ಇಳಿದು ಗಂಟಿನ ಹಾಗೆ ಕಾಣುತ್ತದೆ. ಅಳು ಆ ಕಾಲುವೆಯನ್ನು ತೋಡಿದ್ದಲ್ಲ, ಇದ್ದ ಕಾಲುವೆಯನ್ನು ತೋರಿಸಿಕೊಟ್ಟಿತು ಅಷ್ಟೆ. ಸರ್ಜನ್ ಮಾಡುವುದು ಕಾಲುವೆಯ ಬಾಯಿ ಕಟ್ಟುವ ಕೆಲಸ. ದೊಡ್ಡವರಿಗೆ ಹಾಕುವ ಹಾಗೆ ಬಲೆ ಹಾಕುವುದಿಲ್ಲ.

ಗಂಡು ಮಕ್ಕಳಲ್ಲಿ ಜಾಸ್ತಿ. ಬಲಗಡೆ ಜಾಸ್ತಿ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಇನ್ನೂ ಜಾಸ್ತಿ. ಹೆಣ್ಣು ಮಕ್ಕಳಿಗೂ ಬರುತ್ತದೆ, ಕೆಲವೊಮ್ಮೆ ಅಂಡಾಶಯವೇ ಆ ದಾರಿಯಲ್ಲಿ ಇಳಿದಿರುತ್ತದೆ. ತೊಡೆಸಂದಿನ ಹರ್ನಿಯಾ ತಾನಾಗಿ ವಾಸಿಯಾಗುವುದಿಲ್ಲ, ಆಪರೇಷನ್ ಆಗಲೇಬೇಕು. ಹೊಕ್ಕುಳಿನದ್ದು ಬೇರೆ ಕಥೆ. ಅದು ನಾಲ್ಕೈದು ವರ್ಷದ ಒಳಗೆ ಹೆಚ್ಚಿನ ಮಕ್ಕಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ನಾಣ್ಯ ಇಟ್ಟು ಬಟ್ಟೆ ಕಟ್ಟುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬಿಟ್ಟುಬಿಡಿ. ನಾಣ್ಯದಿಂದ ಮುಚ್ಚಿಕೊಳ್ಳುವುದಿಲ್ಲ, ಕೆಳಗಿನ ಚರ್ಮ ಹುಣ್ಣಾಗುತ್ತದೆ.

ಇನ್ನು ಉಡಿದಾರ.

ಆಪರೇಷನ್‌ಗೆ ಬರುವ ಮಕ್ಕಳಲ್ಲಿ ಹೆಚ್ಚಿನವರ ಸೊಂಟದಲ್ಲಿ ಉಡಿದಾರ ಇದ್ದೇ ಇರುತ್ತದೆ. ಕರಿ ದಾರ, ಇಲ್ಲ ಬೆಳ್ಳಿಯದ್ದು. ಥಿಯೇಟರಿಗೆ ಹೋಗುವಾಗ ಅದನ್ನು ತೆಗೆಯಲೇಬೇಕು. ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹ ಇರಬಾರದು. ಕರಿ ದಾರವಾದರೆ ಕೊಳೆ ಹಿಡಿದಿರುತ್ತದೆ, ಗಾಯ ಬರುವುದು ಅದರ ಕೆಳಗಿನ ಮಡಿಕೆಯಲ್ಲೇ. ಮೊದಲೆಲ್ಲ ನಾವು ಕತ್ತರಿ ತಂದು ಚಕ್ ಅಂತ ಕತ್ತರಿಸಿ ಬಿಡುತ್ತಿದ್ದೆವು. ಹೊನ್ನಾವರದ ಕಡೆಯ ಒಬ್ಬ ಅಜ್ಜಿ ಆ ಶಬ್ದಕ್ಕೆ ಕಣ್ಣು ಮುಚ್ಚಿಕೊಂಡದ್ದನ್ನು ನೋಡಿದ ಮೇಲೆ ನಾನು ಕತ್ತರಿಯನ್ನು ಅಜ್ಜಿಯ ಕೈಗೇ ಕೊಡುತ್ತೇನೆ. ಅವರೇ ಬಿಚ್ಚಲಿ. ಬಿಚ್ಚಿ, ಕಾಗದದಲ್ಲಿ ಸುತ್ತಿ, ಸೆರಗಿನಲ್ಲಿ ಗಂಟು ಹಾಕಿಕೊಳ್ಳಲಿ. "ಎರಡು ವಾರ ಸೊಂಟಕ್ಕೆ ಬೇಡ ಅಜ್ಜಿ, ಗಾಯಕ್ಕೆ ಉಜ್ಜುತ್ತದೆ. ಬೇಕಾದರೆ ಕೈಗೆ ಕಟ್ಟಿ" ಅಂತ ಹೇಳಿದರೆ ಒಪ್ಪದ ಅಜ್ಜಿಯನ್ನು ನಾನು ಇದುವರೆಗೆ ನೋಡಿಲ್ಲ. ಕತ್ತರಿಸಿ ಎಸೆದಿದ್ದರೆ ಮನೆಗೆ ಹೋದ ತಕ್ಷಣ ಹೊಸದು ಕಟ್ಟುತ್ತಿದ್ದರು, ಗಾಯದ ಮೇಲೆಯೇ.

ಉಪವಾಸದ ಮಾತು ಬೇಗ ಮುಗಿಸುತ್ತೇನೆ. ಊಟ, ಹಸುವಿನ ಹಾಲು ಅರಿವಳಿಕೆಗೆ ಆರು ಗಂಟೆ ಮೊದಲು ನಿಲ್ಲಬೇಕು. ಎದೆಹಾಲು ನಾಲ್ಕು ಗಂಟೆ ಮೊದಲು. ಬರೀ ನೀರು ಎರಡು ಗಂಟೆ ಮೊದಲಿನವರೆಗೂ ಕೊಡಬಹುದು. "ರಾತ್ರಿ ಹತ್ತರಿಂದ ಏನೂ ಕೊಡಬೇಡಿ" ಅಂತ ಎಲ್ಲರಿಗೂ ಒಂದೇ ಮಾತು ಹೇಳಿ ಬಿಡುವುದು ಸುಲಭ. ಆದರೆ ಯಲ್ಲಾಪುರದ ಹಳ್ಳಿಯಿಂದ ನಸುಕಿಗೇ ಎದ್ದು ಹೊರಟ ಒಂದೂವರೆ ವರ್ಷದ ಮಗು ಹನ್ನೊಂದು ಗಂಟೆಯವರೆಗೆ ಒಂದು ತೊಟ್ಟು ನೀರಿಲ್ಲದೆ ಕಾಯುವುದನ್ನು ನೋಡಿದವರು ಆ ಮಾತು ಹೇಳುವುದಿಲ್ಲ.

ರಿಕವರಿ ಕೋಣೆ ತಾಯಂದಿರಿಗೆ ತುಂಬಾ ಭಯ ಹುಟ್ಟಿಸುವ ಜಾಗ. ನಮಗೂ ಅಲ್ಲಿ ಕಣ್ಣು ಆಚೀಚೆ ಹೋಗುವಂತಿಲ್ಲ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿರುತ್ತೇವೆ, ವಾಂತಿಯಾದರೆ ಉಸಿರಿನ ದಾರಿಗೆ ಹೋಗದ ಹಾಗೆ. ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್. ಮೊದಲ ಒಂದು ಗಂಟೆ 15 ನಿಮಿಷಕ್ಕೊಮ್ಮೆ ನಾಡಿ, ಉಸಿರು, ಮೈಬಿಸಿ, ಗಾಯದ ಬಟ್ಟೆ ನೋಡಿ ಬರೆಯುವುದು. ಆಮೇಲೆ ಅರ್ಧ ಗಂಟೆಗೊಮ್ಮೆ. ಸಣ್ಣ ಮಕ್ಕಳ ಮೈ ಥಿಯೇಟರಿನ ಎಸಿಯಲ್ಲಿ ಬೇಗ ತಣ್ಣಗಾಗುತ್ತದೆ, ಹೊದಿಕೆ ಬೆಚ್ಚಗಿರಬೇಕು. 1970ರಲ್ಲಿ ಆಲ್ಡ್ರೀಟ್ ಅನ್ನುವ ಅರಿವಳಿಕೆ ವೈದ್ಯರು ಒಂದು ಅಂಕಪಟ್ಟಿ ಮಾಡಿಕೊಟ್ಟರು. ಕೈಕಾಲು ಆಡಿಸುವುದು, ಉಸಿರು, ರಕ್ತದ ಓಟ, ಎಚ್ಚರ, ಮೈಬಣ್ಣ. ಒಂದೊಂದಕ್ಕೆ ಎರಡು ಅಂಕ. ಮೈಬಣ್ಣದ ಜಾಗದಲ್ಲಿ ಈಗ ಆಕ್ಸಿಜನ್ ನೋಡುತ್ತಾರೆ. ಹತ್ತಕ್ಕೆ ಒಂಬತ್ತು ಬಂದರೆ ಮಾತ್ರ ವಾರ್ಡಿಗೆ ಕಳಿಸುವುದು. ಐವತ್ತು ವರ್ಷ ದಾಟಿದರೂ ಇವತ್ತಿಗೂ ಅದೇ ಪಟ್ಟಿ ನಮ್ಮ ಗೋಡೆಯ ಮೇಲಿದೆ.

ತಾಯಂದಿರು ಹೆದರುವುದು ಬೇರೆಯದಕ್ಕೆ. ಮಂಪರು ಇಳಿಯುವಾಗ ಕೆಲವು ಮಕ್ಕಳು ಅಮ್ಮನನ್ನೇ ಗುರುತು ಹಿಡಿಯುವುದಿಲ್ಲ. ಕಣ್ಣು ತೆರೆದಿರುತ್ತದೆ, ಆದರೆ ನೋಟ ಎಲ್ಲೋ ಇರುತ್ತದೆ. ಒದೆಯುತ್ತವೆ, ಬೆನ್ನು ಬಿಲ್ಲಾಗಿಸುತ್ತವೆ, ಎತ್ತಿಕೊಂಡರೂ ಬಿಟ್ಟರೂ ಅಳು ನಿಲ್ಲುವುದಿಲ್ಲ. ಒಬ್ಬ ತಂದೆ ನನ್ನ ಎದುರೇ ಗೋಡೆಗೆ ಒರಗಿ ಕುಸಿದು ಕೂತಿದ್ದರು, "ಮಿದುಳಿಗೆ ಏನಾದ್ರೂ ಆಯ್ತಾ ಸಿಸ್ಟರ್?" ಅಂತ. ಏನೂ ಆಗಿರುವುದಿಲ್ಲ. ಅರಿವಳಿಕೆಯ ಗಾಳಿಯಿಂದ ಏಳುವಾಗ ಹೀಗಾಗುತ್ತದೆ, ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ತಾನೇ ಇಳಿಯುತ್ತದೆ. ಈ ಒಂದು ಮಾತನ್ನು ಮೊದಲೇ, ಮಗುವನ್ನು ಒಳಗೆ ಕರೆದುಕೊಂಡು ಹೋಗುವ ಮೊದಲೇ ಹೇಳಿದರೆ ಆ ತಂದೆ ಕುಸಿಯುತ್ತಿರಲಿಲ್ಲ. ಈಗ ಹೇಳುತ್ತೇನೆ. ಲೈಟು ಸ್ವಲ್ಪ ಕಡಿಮೆ ಮಾಡಿ, ತಾಯಿಯನ್ನು ಪಕ್ಕದಲ್ಲಿ ಕೂರಿಸಿ, ಅವರ ಸೀರೆಯನ್ನೋ ಶಾಲನ್ನೋ ಮಗುವಿನ ಕೆನ್ನೆಗೆ ತಾಗಿಸಿಡುತ್ತೇನೆ. ವಾಸನೆ ಗೊತ್ತಾದರೆ ಎಷ್ಟೋ ಮಕ್ಕಳು ಹಾಗೇ ತಣ್ಣಗಾಗುತ್ತವೆ.

ಮಗು ಅಳುತ್ತಿರುವುದು ಮಂಪರಿಗೋ, ನೋವಿಗೋ, ಹಸಿವಿಗೋ? ಮಾತು ಬಾರದ ಮಗುವನ್ನು ಕೇಳುವ ಹಾಗಿಲ್ಲ. ಅದಕ್ಕೆ ಫ್ಲ್ಯಾಕ್ ಅನ್ನುವ ಅಳತೆ ಇದೆ. 1997ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಮಾಡಿದ್ದು. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ ಆಗುತ್ತಾ ಇಲ್ವಾ, ಈ ಐದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ. ನಾನು ತಾಯಂದಿರಿಗೆ ಅಂಕ ಕಲಿಸುವುದಿಲ್ಲ, ಕಾಲು ನೋಡಲು ಕಲಿಸುತ್ತೇನೆ. ನೋವಿರುವ ಮಗು ಕಾಲನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳುತ್ತದೆ, ಬಿಗಿಯಾಗಿ. ಎತ್ತಿಕೊಂಡರೂ ಸಡಿಲ ಬಿಡುವುದಿಲ್ಲ. ಹಸಿದ ಮಗು ಹೀಗೆ ಮಾಡುವುದಿಲ್ಲ. ಮೂರು ವರ್ಷ ದಾಟಿದವರಿಗೆ ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರ ತೋರಿಸಿ ಬೆರಳಿಡಲು ಹೇಳಬಹುದು. ಸುಮ್ಮನೆ ಮುದುಡಿ ಮಲಗಿದ ಮಗುವಿಗೆ ನೋವಿಲ್ಲ ಅಂತ ಮಾತ್ರ ಯಾರೂ ತಿಳಿಯಬಾರದು. ಅಂಥ ಮಗುವಿನ ಹತ್ತಿರ ನಾನು ಎರಡು ಸಲ ಹೋಗುತ್ತೇನೆ.

ಕಾಡಲ್ ಬ್ಲಾಕ್‌ನ ಇನ್ನೊಂದು ವಿಷಯ. ಅದು ಇಳಿಯುವವರೆಗೆ ಕಾಲಿನಲ್ಲಿ ಬಲ ಕಮ್ಮಿ. ಮಗುವಿಗೆ ಅದು ಗೊತ್ತಿರುವುದಿಲ್ಲ. ಎಚ್ಚರಾದ ತಕ್ಷಣ ಮಂಚದಿಂದ ಇಳಿದು ಓಡಲು ನೋಡುತ್ತದೆ, ಬೀಳುತ್ತದೆ. ಕೈ ಹಿಡಿದೇ ನಿಲ್ಲಿಸಬೇಕು. ಮತ್ತೆ, ಉಚ್ಚೆ. ಆಪರೇಷನ್ ಆಗಿ ಆರರಿಂದ ಎಂಟು ಗಂಟೆಯ ಒಳಗೆ ಮಗು ಉಚ್ಚೆ ಹೊಯ್ಯಬೇಕು. ಬ್ಲಾಕ್‌ನಿಂದ ಕೆಲವರಿಗೆ ತಡವಾಗುತ್ತದೆ. ಎಲ್ಲವೂ ಚೆನ್ನಾಗಿದ್ದರೆ ಉಚ್ಚೆಗೆ ಕಾಯದೆ ಮನೆಗೆ ಕಳಿಸುವುದೂ ಇದೆ. ಆಗ ಅದನ್ನು ಗಮನಿಸುವ ಕೆಲಸ ಮನೆಯವರಿಗೆ ದಾಟುತ್ತದೆ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಬರೆಯದೆ ಈ ಬರಹ ಬರೆಯುವುದು ಸರಿಯಲ್ಲ.

ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ಮಗು ಹತ್ತು ಕಿಲೋ. ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ 150 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ನಮ್ಮಲ್ಲಿ ಇದ್ದ ಸಿರಪ್ 5 ಎಂಎಲ್‌ಗೆ 125 ಮಿಲಿಗ್ರಾಂನದ್ದು. ಅಂದರೆ 6 ಎಂಎಲ್. ನಾನು ಚೀಟಿಯಲ್ಲಿ "6 ಎಂಎಲ್" ಅಂತ ಬರೆದುಕೊಟ್ಟೆ. ಬಾಯಲ್ಲೂ ಹೇಳಿದೆ. ತಾಯಿ ಮೂರು ಸಲ ತಲೆ ಆಡಿಸಿದರು. ಆ ದಿನ ಗಡಿಬಿಡಿ, ಇನ್ನೂ ನಾಲ್ಕು ಮಕ್ಕಳ ಡಿಸ್ಚಾರ್ಜ್ ಇತ್ತು. ಅವರು ಸಿರಪ್ಪನ್ನು ಊರಿಗೆ ಹೋಗಿ ಕೊಂಡರು. ಅಂಗಡಿಯಲ್ಲಿ ಸಿಕ್ಕಿದ್ದು 5 ಎಂಎಲ್‌ಗೆ 250 ಮಿಲಿಗ್ರಾಂ ಇರುವ ಬಾಟಲಿ. ಬಣ್ಣ ಅದೇ, ಹೆಸರೂ ಅದೇ. ಅವರು ನನ್ನ ಚೀಟಿಯನ್ನು ನೋಡಿಕೊಂಡು, ಒಂದು ಹನಿ ಹೆಚ್ಚಿಲ್ಲ ಕಮ್ಮಿಯಿಲ್ಲ, 6 ಎಂಎಲ್ ಕೊಟ್ಟರು. ಎರಡು ಸಲ. ಪ್ರತಿ ಸಲವೂ ಡಬಲ್.

ರಾತ್ರಿ ಅವರು ಬೇರೆ ಏನೋ ಕೇಳಲು ಫೋನ್ ಮಾಡಿದ್ದರು, ಗಾಯದ ಬಟ್ಟೆಯ ವಿಷಯ. ಯಾಕೋ ಅನ್ನಿಸಿ "ಬಾಟಲಿ ಮೇಲೆ ಏನು ಬರೆದಿದೆ ಓದಿ" ಅಂದೆ. ಅವರು ಒಂದೊಂದೇ ಅಂಕಿ ಓದಿದರು. ಎರಡು. ಐದು. ಸೊನ್ನೆ. ನನ್ನ ಕೈ ತಣ್ಣಗಾಯಿತು. ಮುಂದಿನ ಡೋಸ್ ನಿಲ್ಲಿಸಿ ಅಂದೆ, ಡ್ಯೂಟಿ ಡಾಕ್ಟರಿಗೆ ಹೇಳಿದೆ, ಅವರ ಮಾತಿನಂತೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದರು. ಮಗುವಿಗೆ ಏನೂ ಆಗಲಿಲ್ಲ. ಎರಡು ಡೋಸಿಗೇ ನಿಂತದ್ದರಿಂದ ಆಗಲಿಲ್ಲ. ಅದೇ ಲೆಕ್ಕದಲ್ಲಿ ಮೂರು ದಿನ ಹೋಗಿದ್ದರೆ ಆ ಮಗುವಿನ ಲಿವರ್ ಏನಾಗುತ್ತಿತ್ತು ಅಂತ ಯೋಚಿಸಿದರೆ ಇವತ್ತಿಗೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆ ತಾಯಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ನಾನೇ ಸರಿಯಾಗಿ ನೋಡಬೇಕಿತ್ತು" ಅಂದರು. ಅವರು ನಾನು ಹೇಳಿದ್ದನ್ನೇ ಮಾಡಿದ್ದರು.

ಈಗ ನಮ್ಮಲ್ಲಿ ಬಾಟಲಿ ಕೈಯಲ್ಲಿ ಇಲ್ಲದೆ ಯಾವ ಮಗುವೂ ಹೊರಡುವುದಿಲ್ಲ. ಅದರ ಜೊತೆ ಸೂಜಿ ಇಲ್ಲದ ಒಂದು ಸಿರಿಂಜು. ಸಿರಿಂಜಿನ ಮೇಲೆ ಎಷ್ಟು ಎಳೆಯಬೇಕೋ ಅಲ್ಲಿಗೆ ಬಿಳಿ ಟೇಪಿನ ಒಂದು ಗೆರೆ. ತಾಯಿಯೇ ನನ್ನ ಎದುರು ಒಮ್ಮೆ ನೀರು ಎಳೆದು ತೋರಿಸಬೇಕು. ಓದು ಬಾರದವರೂ ಗೆರೆಗೆ ಸರಿಯಾಗಿ ಎಳೆಯುತ್ತಾರೆ. ಕೂಸುಗಳಿಗೆ ಕೊಡುವ ಡ್ರಾಪ್ಸ್ ಬಾಟಲಿ ಮನೆಯಲ್ಲಿ ಇದೆಯಾ ಅಂತಲೂ ಕೇಳುತ್ತೇನೆ. ಅದರಲ್ಲಿ 1 ಎಂಎಲ್‌ಗೇ 100 ಮಿಲಿಗ್ರಾಂ ಇರುತ್ತದೆ. ಅದನ್ನು ಸಿರಪ್ಪಿನ ಲೆಕ್ಕದಲ್ಲಿ ಕೊಟ್ಟರೆ ಇನ್ನೂ ಅಪಾಯ. ಮನೆಯ ಚಮಚ ಬೇಡ, ಒಂದು ಮನೆಯ ಚಮಚ ಇನ್ನೊಂದು ಮನೆಯ ಚಮಚದ ಹಾಗಿರುವುದಿಲ್ಲ. ದೊಡ್ಡವರ ನೋವಿನ ಮಾತ್ರೆ ಅರ್ಧ ಮುರಿದು ಕೊಡುವುದೂ ಬೇಡ. ನಿಮೆಸುಲೈಡ್ 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧ ಆಗಿದೆ. ಆದರೆ ಹಳೆಯ ಡಬ್ಬಿಗಳಲ್ಲಿ, ಬೇರೆಯವರಿಗೆ ತಂದ ಮಾತ್ರೆಗಳ ಜೊತೆ ಅದು ಈಗಲೂ ಸಿಗುತ್ತದೆ. ಆಸ್ಪಿರಿನ್ ಕೂಡ ಬೇಡ.

ಮನೆಯ ಆರೈಕೆ ಅಂದಾಗ ಮೊದಲು ಬರುವ ಪ್ರಶ್ನೆ ಪಥ್ಯದ್ದು. "ನಂಜು ಏನೇನು ಸಿಸ್ಟರ್?" ಬದನೆ ನಂಜು, ಹಲಸು ನಂಜು, ಮೀನು ನಂಜು, ಮೊಸರು ಶೀತ. ಎಲ್ಲ ಬಿಟ್ಟು ಮಗುವಿಗೆ ವಾರಗಟ್ಟಲೆ ಗಂಜಿ ಉಪ್ಪಿನಕಾಯಿ. ನಾನು ವಾದಕ್ಕೆ ಇಳಿಯುವುದಿಲ್ಲ. ಮೊದಲ ದಿನ ಗಂಜಿಯೇ ಸರಿ. ಮೊದಲು ನೀರು, ಎಳನೀರು, ಅದು ನಿಂತರೆ ತೆಳ್ಳಗಿನ ಗಂಜಿ. ಒತ್ತಾಯ ಬೇಡ. ಮಾರನೇ ದಿನದಿಂದ ಮನೆಯಲ್ಲಿ ಎಲ್ಲರೂ ಉಣ್ಣುವ ಊಟ. ಗಾಯ ಕೂಡಲು ಬೇಳೆ, ಮೊಟ್ಟೆ, ಮೀನು, ಯಾರಿಗೆ ಯಾವುದು ಉಂಟೋ ಅದು ಬೇಕು. ಸೊಪ್ಪು, ಬಾಳೆಹಣ್ಣು, ನೀರು ಜಾಸ್ತಿ ಬೇಕು. ಬರೀ ಗಂಜಿ ತಿಂದ ಮಗುವಿಗೆ ಮಲ ಗಟ್ಟಿಯಾಗುತ್ತದೆ, ಮುಕ್ಕುತ್ತದೆ, ಗಾಯ ನೋಯುತ್ತದೆ, ನೋವಿಗೆ ಹೆದರಿ ಮಲ ಕಟ್ಟಿಕೊಳ್ಳುತ್ತದೆ. ಇಷ್ಟು ಹೇಳಿದರೆ ಅಜ್ಜಿಯೇ "ಹಾಗಾದ್ರೆ ಬಾಳೆಹಣ್ಣು ಕೊಡುವಾ" ಅನ್ನುತ್ತಾರೆ.

ಗಾಯದ ಮೇಲೆ ಅರಿಶಿನ ಬೇಡ, ಕೊಬ್ಬರಿ ಎಣ್ಣೆ ಬೇಡ, ಪೌಡರ್ ಬೇಡ. ಎರಡು ದಿನ ಒಣಗಿರಬೇಕು. ಸಾಮಾನ್ಯವಾಗಿ ಒಳಗೇ ಕರಗುವ ನೂಲು ಹಾಕಿರುತ್ತಾರೆ, ಹೊಲಿಗೆ ಬಿಚ್ಚುವ ಕೆಲಸವಿಲ್ಲ. ಮೊದಲು ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು, ಆಮೇಲೆ ಮೇಲಿಂದ ನೀರು ಹೊಯ್ದು ಬೇಗ ಸ್ನಾನ ಮುಗಿಸಿ, ಮೆತ್ತಗೆ ಒತ್ತಿ ಒರೆಸುವುದು. ಬುಟ್ಟಿಯ ನೀರಿನಲ್ಲಿ ಕೂರಿಸುವುದು ಬೇಡ. ಬಚ್ಚಲ ಹಂಡೆಯ ಬಿಸಿನೀರಿನ ಎಣ್ಣೆ ಸ್ನಾನ ಎರಡು ವಾರ ಕಾಯಲಿ. ಕರಾವಳಿಯ ಮಕ್ಕಳಿಗೆ ಸಮುದ್ರವೂ ಎರಡು ವಾರ ಬೇಡ, ಘಟ್ಟದ ಮಕ್ಕಳಿಗೆ ಹೊಳೆಯೂ ಬೇಡ.

ಕೂಸುಗಳ ಡೈಪರ್ ಅಥವಾ ಲಂಗೋಟಿಯ ಅಂಚನ್ನು ಗಾಯದ ಕೆಳಗೆ ಮಡಚಬೇಕು. ಒದ್ದೆಯಾದ ಕೂಡಲೇ ಬದಲಿಸಬೇಕು. ಇದು ಹೇಳಲು ಸುಲಭ. ಜುಲೈ ತಿಂಗಳಲ್ಲಿ ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಬಟ್ಟೆ ಒಣಗುವುದು ಅಂದರೇನು ಅಂತ ನನಗೆ ಗೊತ್ತು, ನನ್ನ ತವರು ಅಲ್ಲಿಯದೇ. ಮೂರು ದಿನವಾದರೂ ಹಸಿ. ಕೊನೆಗೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ, ಹೊಗೆಯ ವಾಸನೆ ಹಿಡಿದಿರುತ್ತದೆ. ಹಸಿಯಾದದ್ದಕ್ಕಿಂತ ಹೊಗೆ ವಾಸನೆಯದೇ ವಾಸಿ ಅಂತ ನಾನು ಹೇಳುತ್ತೇನೆ. ಸಾಧ್ಯವಾದರೆ ಇಸ್ತ್ರಿ ಹಾಕಿ. ಆಪರೇಷನ್ ದಿನ ಗೊತ್ತಾದ ಕೂಡಲೇ ಒಣಗಿದ ಬಟ್ಟೆ ಕೂಡಿಡಲು ಶುರು ಮಾಡಿ ಅಂತ ಮೊದಲ ಭೇಟಿಯಲ್ಲೇ ಹೇಳುವುದು ಇನ್ನೂ ಒಳ್ಳೆಯದು.

ಇನ್ನೊಂದು, ಸೊಂಟದ ಮೇಲೆ ಎತ್ತಿಕೊಳ್ಳುವುದು. ನಮ್ಮಲ್ಲಿ ಮಗುವನ್ನು ಎತ್ತಿಕೊಳ್ಳುವುದೇ ಹಾಗೆ. ಕಾಲು ಅಗಲಿಸಿ ಸೊಂಟಕ್ಕೆ ಕೂರಿಸಿದರೆ ಅಮ್ಮನ ಸೊಂಟದ ಮೂಳೆ ಸರಿಯಾಗಿ ಆ ಮಡಿಕೆಗೇ ಒತ್ತುತ್ತದೆ. ಎರಡು ವಾರ ಮುಂಗೈ ಮೇಲೆ ಅಡ್ಡ ಮಲಗಿಸಿ ಎತ್ತಿ, ಇಲ್ಲ ಎದೆಗೆ ಒರಗಿಸಿ ಕುಂಡೆಯ ಕೆಳಗೆ ಕೈ ಕೊಡಿ. ಇದನ್ನು ನಾನು ಮಡಚಿದ ಟವೆಲ್ ಇಟ್ಟು ಮಾಡಿ ತೋರಿಸುತ್ತೇನೆ, ಅಜ್ಜಿಯ ಕೈಯಲ್ಲೂ ಮಾಡಿಸುತ್ತೇನೆ. ಸೈಕಲ್, ಮರದ ಕುದುರೆ, ಅಣ್ಣನ ಬೈಕಿನ ಟ್ಯಾಂಕಿನ ಮೇಲೆ ಕೂರುವುದು, ಇವೆಲ್ಲ ಎರಡು ಮೂರು ವಾರ ಬೇಡ. ಹಾಗಂತ ಮಗುವನ್ನು ತಿಂಗಳುಗಟ್ಟಲೆ ಮಂಚಕ್ಕೆ ಕಟ್ಟಿಹಾಕಬೇಡಿ. ಚಿಕ್ಕ ಮಕ್ಕಳು ನೋವಾದರೆ ತಾವೇ ನಿಲ್ಲುತ್ತಾರೆ, ಆಡಬೇಕು ಅನ್ನಿಸಿದರೆ ಆಡುತ್ತಾರೆ. ಶಾಲೆಗೆ ಒಂದು ವಾರದಲ್ಲಿ ಹೋಗಬಹುದು, ಆಟದ ಪೀರಿಯಡ್ ಇನ್ನೆರಡು ವಾರ ಬಿಟ್ಟರೆ ಸಾಕು. ಬೀಜದ ಚೀಲ ಊದಿಕೊಂಡು ನೀಲಿಯಾಗುವುದು ಸಾಮಾನ್ಯ, ಒಂದೆರಡು ವಾರದಲ್ಲಿ ಇಳಿಯುತ್ತದೆ. ಇದನ್ನು ಹೇಳದೆ ಕಳಿಸಿದರೆ ಮೂರನೇ ದಿನ ಗಾಬರಿಯಾಗಿ 60 ಕಿಲೋಮೀಟರ್ ಓಡಿಬರುತ್ತಾರೆ.

ಯಾವಾಗ ಓಡಿಬರಬೇಕು ಅನ್ನುವುದಕ್ಕೆ ಘಟ್ಟ ಒಂದು ತೊಡಕು ಮಾಡುತ್ತದೆ. ವಾಂತಿ ಅಪಾಯದ ಗುರುತು ಅಂತ ನಾವು ಹೇಳುತ್ತೇವೆ. ಆದರೆ ಅರಿವಳಿಕೆ ಆದ ಮಗು ದೇವಿಮನೆ ಘಟ್ಟದಲ್ಲಿ ವಾಂತಿ ಮಾಡದೆ ಇರುತ್ತದಾ? ದೊಡ್ಡವರೇ ಮಾಡುತ್ತಾರೆ. ಹಾಗಾಗಿ ಬಿಡಿಸಿ ಹೇಳಬೇಕು. ದಾರಿಯಲ್ಲಿ ಒಂದೆರಡು ಸಲ, ಕುಡಿದ ನೀರೋ ಗಂಜಿಯೋ ಬಂದರೆ ಹೆದರಬೇಡಿ. ಹೊರಡುವ ಮೊದಲು ಹೊಟ್ಟೆ ತುಂಬಾ ತಿನ್ನಿಸಬೇಡಿ. ಮಗುವಿನ ತಲೆ ಮುಂದಕ್ಕೆ ಜೋಲದ ಹಾಗೆ ಹಿಡಿದುಕೊಳ್ಳಿ. ಮನೆ ಮುಟ್ಟಿದ ಮೇಲೂ ವಾಂತಿ ನಿಲ್ಲದಿದ್ದರೆ, ವಾಂತಿ ಹಸಿರಾಗಿದ್ದರೆ, ಹೊಟ್ಟೆ ಉಬ್ಬಿದರೆ, ಆಪರೇಷನ್ ಆಗಿ ಎಂಟು ಗಂಟೆ ಕಳೆದರೂ ಉಚ್ಚೆ ಬಾರದಿದ್ದರೆ, ಬಟ್ಟೆ ಬದಲಿಸಿದರೂ ರಕ್ತ ನೆನೆಯುತ್ತಿದ್ದರೆ, ಮಗು ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲು ಕಾಯಬೇಡಿ. 101 ಡಿಗ್ರಿ ದಾಟಿದ ಜ್ವರ, ಗಾಯದ ಸುತ್ತ ಕೆಂಪು ಹರಡುವುದು, ಕೀವು, ಕೆಟ್ಟ ವಾಸನೆ, ಇವು ಸಾಮಾನ್ಯವಾಗಿ ಮೂರನೇ ನಾಲ್ಕನೇ ದಿನದ ಮೇಲೆ ಬರುವಂಥವು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ತೋರಿಸಿ. ಇನ್ನೊಂದು ಬದಿಯಲ್ಲಿ ಗಂಟು ಕಂಡರೆ ಅದನ್ನೂ ತೋರಿಸಿ.

ದಿನ ತುಂಬದೆ ಹುಟ್ಟಿದ ಸಣ್ಣ ಕೂಸುಗಳನ್ನು ಮಾತ್ರ ಅದೇ ದಿನ ಕಳಿಸುವುದಿಲ್ಲ. ಅರಿವಳಿಕೆಯ ನಂತರ ಅವು ಉಸಿರಾಡುವುದನ್ನೇ ಮರೆತುಬಿಡಬಹುದು. ರಾತ್ರಿಯಿಡೀ ಮಾನಿಟರ್ ಹಾಕಿ ನೋಡಬೇಕು. ಪಕ್ಕದ ಮಂಚದ ಮಗು ಹೋಯಿತು, ನಮ್ಮದನ್ನು ಯಾಕೆ ಬಿಡುವುದಿಲ್ಲ ಅಂತ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಕಾರಣ ಹೇಳಿದರೆ ಉಳಿಯುತ್ತಾರೆ.

ನೂರಾ ಹದಿನೈದು ವರ್ಷಕ್ಕೂ ಹಿಂದೆ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೇಮ್ಸ್ ನಿಕೋಲ್ ಅನ್ನುವ ಸರ್ಜನ್ ಇದ್ದರು. ಆಪರೇಷನ್ ಆದ ಮಕ್ಕಳನ್ನು ಅದೇ ದಿನ ಮನೆಗೆ ಕಳಿಸುವ ಪದ್ಧತಿಗೆ ದಾರಿ ಹಾಕಿದವರು ಅವರು. ಹತ್ತು ವರ್ಷದಲ್ಲಿ 8,988 ಆಪರೇಷನ್ ಮಾಡಿದ ಲೆಕ್ಕವನ್ನು 1909ರಲ್ಲಿ ಪ್ರಕಟಿಸಿದರು. ಹರ್ನಿಯಾ ಮಕ್ಕಳೂ ಅದರಲ್ಲಿದ್ದರು. ಮಗುವಿಗೆ ತಾಯಿಯೇ ಒಳ್ಳೆಯ ನರ್ಸ್ ಅಂತ ಅವರು ನಂಬಿದ್ದರು. ಇಷ್ಟನ್ನು ಎಲ್ಲ ಕಡೆ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು. ಅವರು ಮಕ್ಕಳನ್ನು ಮನೆಗೆ ಕಳಿಸಿ ಸುಮ್ಮನಾಗಲಿಲ್ಲ. ಹಿಂದಿನಿಂದ ನರ್ಸ್‌ಗಳನ್ನೂ ಮನೆಗೆ ಕಳಿಸುತ್ತಿದ್ದರು. ನಾವು ಮೊದಲನೆಯದನ್ನು ಕಲಿತೆವು, ಎರಡನೆಯದನ್ನು ಬಿಟ್ಟೆವು.

ಬಹಳ ಕಡೆ ಮೊದಲನೆಯದನ್ನು ಕಲಿಯಲೂ ತಡವಾಯಿತು. ಜೇಮ್ಸ್ ರಾಬರ್ಟ್‌ಸನ್ ಅನ್ನುವವರು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಚಿತ್ರೀಕರಿಸಿ 1952ರಲ್ಲಿ ತೋರಿಸಿದ ಸಿನಿಮಾದ ಎರಡೂವರೆ ವರ್ಷದ ಲಾರಾ ಅನ್ನುವ ಮಗು ಹೊಕ್ಕುಳಿನ ಹರ್ನಿಯಾಕ್ಕೆ ಎಂಟು ದಿನ ಒಳಗಿತ್ತು. ಅಪ್ಪ ಅಮ್ಮ ಬಂದು ನೋಡಿ ಹೋಗಬಹುದಿತ್ತು, ಜೊತೆಗೆ ಉಳಿಯುವ ಹಾಗಿರಲಿಲ್ಲ. ಆ ಮಗು ಜೋರಾಗಿ ಅಳುವುದು ಕಡಿಮೆ. ಅಳು ನುಂಗಿಕೊಂಡು ಕೂತಿರುವುದು ನೋಡಲು ಆಗುವುದಿಲ್ಲ. ಆ ಮೇಲೆ 1959ರಲ್ಲಿ ಇಂಗ್ಲೆಂಡಿನ ಪ್ಲಾಟ್ ವರದಿ ಬಂದು, ಅಪ್ಪ ಅಮ್ಮನಿಗೆ ಮಕ್ಕಳ ವಾರ್ಡಿನ ಬಾಗಿಲು ತೆರೆಯಬೇಕು ಅಂತ ಹೇಳಿತು. ನಮ್ಮ ಆಸ್ಪತ್ರೆಗಳಲ್ಲಿ ತಾಯಿ ಮಂಚದ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಇರುತ್ತಾಳೆ. ಅದನ್ನು ಗಲಾಟೆ ಅಂತ ಬೈಯುವ ಸಿಬ್ಬಂದಿಯನ್ನು ಕಂಡರೆ ನನಗೆ ಕೋಪ ಬರುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಮಣಿಪಾಲಕ್ಕೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ಅಂಥ ಮಳೆಯಲ್ಲಿ "ಏನಾದರೂ ಆದರೆ ಬನ್ನಿ" ಅನ್ನುವ ಮಾತಿಗೆ ಅರ್ಥವೇ ಇರುವುದಿಲ್ಲ. ಬರಲು ದಾರಿ ಬೇಕಲ್ಲ? ಆಸ್ಪತ್ರೆ ದೂರ ಇದ್ದಷ್ಟೂ ಬಾಗಿಲಲ್ಲಿ ಆಡುವ ಮಾತಿಗೆ ತೂಕ ಜಾಸ್ತಿ. ಬೆಂಗಳೂರಿನಲ್ಲಿ ಮರೆತ ಮಾತನ್ನು ಹತ್ತು ನಿಮಿಷದಲ್ಲಿ ವಾಪಸ್ ಬಂದು ಕೇಳಬಹುದು.

ಹಾಗಾಗಿ ಡಿಸ್ಚಾರ್ಜಿಗೆ ಒಂದು ಮಗುವಿಗೆ ಹದಿನೈದು ನಿಮಿಷ ಅಂತ ನಾನು ಹಟ ಹಿಡಿದಿದ್ದೇನೆ. ಕೂತು ಮಾತಾಡುವುದು, ನಿಂತು ಅಲ್ಲ. ಮನೆಯಲ್ಲಿ ನಿಜವಾಗಿ ನೋಡಿಕೊಳ್ಳುವವರು ಯಾರೋ ಅವರನ್ನೂ ಕರೆಸಿ. ಅವರು ಕೊಂಕಣಿಯವರಾದರೆ ಕೊಂಕಣಿಯಲ್ಲಿ. ನನಗೆ ಕೊಂಕಣಿ ಅಷ್ಟು ಬರುವುದಿಲ್ಲ, ಬರುವ ಸಿಸ್ಟರನ್ನು ಕರೆಯುತ್ತೇನೆ. "ಗೊತ್ತಾಯ್ತಾ?" ಅಂತ ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಮನೆಗೆ ಹೋದ ಮೇಲೆ ಏನು ಮಾಡ್ತೀರಿ, ನನಗೆ ಹೇಳಿ" ಅನ್ನುತ್ತೇನೆ. ಅವರು ಹೇಳುವಾಗ ಎಲ್ಲಿ ತಡವರಿಸುತ್ತಾರೋ ಅಲ್ಲಿಂದ ಮತ್ತೆ ಶುರು. ಚೀಟಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ನಿಕೋಲ್ ಅವರ ಹಾಗೆ ಮನೆಗೆ ನರ್ಸ್ ಕಳಿಸಲು ನಮಗೆ ಆಗುವುದಿಲ್ಲ. ಅದರ ಬದಲು ಆ ರಾತ್ರಿ ಮತ್ತು ಮೂರನೇ ದಿನ ಒಂದೊಂದು ಫೋನ್. ಊರಿನ ಆಶಾ ಕಾರ್ಯಕರ್ತೆಯ ನಂಬರ್ ಸಿಕ್ಕರೆ ಅವರಿಗೂ ಒಂದು ಮಾತು.

ಹೋದ ಮಳೆಗಾಲದಲ್ಲಿ ಸಿದ್ದಾಪುರ ಕಡೆಯ ಒಂದು ಮಗು ಉಚ್ಚೆ ಹೊಯ್ಯದೆ ಹೊರಟಿತು. ಬ್ಲಾಕ್ ಇನ್ನೂ ಪೂರ್ತಿ ಇಳಿದಿರಲಿಲ್ಲ. ಡಾಕ್ಟರು ನೋಡಿ, ಹೊಟ್ಟೆ ಮೆತ್ತಗಿದೆ, ಕಳಿಸಬಹುದು ಅಂದರು. ಸಂಜೆ ಆರರ ಒಳಗೆ ಆಗದಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು ಅಂತ ಹೇಳಿ, ಬರೆದೂ ಕೊಟ್ಟೆ. ಅವರ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಐದೂವರೆಗೆ ನಾನು ಮಾಡಿದೆ, ಹೋಗಲಿಲ್ಲ. ಆರಕ್ಕೆ ಮಾಡಿದೆ, ಹೋಗಲಿಲ್ಲ. ಮನೆಗೆ ಬಂದು ಅಕ್ಕಿ ತೊಳೆಯುತ್ತಾ ಫೋನನ್ನು ಕಿಟಕಿಯ ಮೇಲೆ ಇಟ್ಟುಕೊಂಡಿದ್ದೆ. ಹೊರಗೆ ಮಳೆ ಸುರಿಯುತ್ತಲೇ ಇತ್ತು.

ಏಳು ಗಂಟೆ ಹತ್ತಿರ ಫೋನ್ ಬಂತು. ಮಗುವಿನ ಅಪ್ಪ. ಏದುಸಿರು ಬಿಡುತ್ತಿದ್ದರು, ಛತ್ರಿಯ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. ಸಿಗ್ನಲ್‌ಗೆ ಅಂತ ಮನೆಯ ಹಿಂದಿನ ಬೆಟ್ಟ ಹತ್ತಿದ್ದರು.

"ಸಿಸ್ಟರ್, ಹೊಯ್ದ. ಐದೂಕಾಲಿಗೆ. ಅಜ್ಜಿ ಸೀರೆ ಮೇಲೇ ಹೊಯ್ದ."

"ಧಾರೆ ಚೆನ್ನಾಗಿತ್ತಾ?" ಅಂದೆ.

"ಚೆನ್ನಾಗಿತ್ತು. ಸಿರಪ್ಪೂ ಗೆರೆವರೆಗೆ ಎಳೆದು ಕೊಟ್ಟಾಯ್ತು. ಈಗ ಮಲಗಿದ್ದಾನೆ."